ಲತಾಮಣಿ ಅಕ್ಕ ಬರೆದ ಬೋರ್ಡು

ಲತಾಮಣಿ ಅಕ್ಕ ಐಜೂರಿನ ನಮ್ಮ ಮನೆಯ ಕೆಳಭಾಗಕ್ಕೆ ಬಾಡಿಗೆಗೆ ಬಂದಾಗ ಅವಳ ಸಾಮಾನಿನಲ್ಲಿ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಇತ್ತು. ಗ್ಯಾಸ್ ಒಲೆ, ಹಾಸಿಗೆ ಸುರುಳಿ, ರಾಗಿ ಮೂಟೆ ಎಲ್ಲವನ್ನೂ ಗಂಡ ಅಶ್ವಥ್ ತನ್ನ ಲಗೇಜ್ ಆಟೋದಿಂದ ಇಳಿಸಿದ. ಆ ಡಬ್ಬಿಯನ್ನು ಮಾತ್ರ ಅವಳೇ ಎದೆಗೊತ್ತಿಕೊಂಡು ಒಳಗೆ ತಂದಳು. ಒಡವೆ ಇರಬೇಕು ಎಂದುಕೊಂಡರು ನಮ್ಮಮ್ಮ. ಒಂದು ವಾರ ಕಳೆದ ಮೇಲೆ ನಾನು ಇಣುಕಿದಾಗ ಕಂಡದ್ದು, ಕೆಟ್ಟ ಚಾರ್ಜರು, ರೇಡಿಯೋ, ತಕ್ಕಡಿ ಯಂತ್ರಗಳಿಂದ ಬಿಚ್ಚಿದ ಹಸಿರು ಬೋರ್ಡುಗಳು. ಒಂದೊಂದನ್ನೂ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಟ್ಟಿದ್ದಳು.

"ಇದೇನಕ್ಕ?" ಎಂದೆ.

"ಇವನ್ನ ಓದಕ್ಕೆ ಬರಲ್ಲ. ಆದ್ರೂ ಇಟ್ಕೊಂಡಿವ್ನಿ," ಎಂದಳು.

ಅವಳ ಊರು ಸೋಲೂರಿನ ಹತ್ತಿರ. ಪಿಯುಸಿ ಮುಗಿಸಿ ಬಿಡದಿಯ ಕಡೆ ಒಂದು ಕಾರ್ಖಾನೆ ಸೇರಿದವಳು, ಮದುವೆಯಾದ ಮೇಲೂ ಅಲ್ಲೇ ಇದ್ದಳು. ಅಲ್ಲಿ ತಯಾರಾಗುತ್ತಿದ್ದದ್ದು ಯಾವ ಯಂತ್ರ ಎಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳ ಮುಂದೆ ಬರುತ್ತಿದ್ದದ್ದು ಬೋರ್ಡು ಮಾತ್ರ. ಅಂಗೈಯಗಲದ ಹಸಿರು ಹಲಗೆ. ಒಂದು ಬದಿಯಲ್ಲಿ ಬಿಡಿಭಾಗಗಳು ಹಳ್ಳಿಯ ಮನೆಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ತಂತಿಯ ಕಾಲುಗಳು ತೂತುಗಳಲ್ಲಿ ಇಳಿದು ಇನ್ನೊಂದು ಬದಿಗೆ ಬರುತ್ತವೆ. ಕಾಲಿನಿಂದ ಕಾಲಿಗೆ ತಾಮ್ರದ ಗೆರೆಗಳು. ಆ ಗೆರೆಗಳಲ್ಲಿ ಕರೆಂಟು ನಡೆದಾಡುತ್ತದೆ. ಕಾರ್ಖಾನೆಯ ಬೆಲ್ಟಿನ ಮೇಲೆ ಬೋರ್ಡುಗಳು ಕಾಲು ಮೇಲಾಗಿ, ಮಗುಚಿಕೊಂಡು ಬರುತ್ತಿದ್ದವು. ಅಲ್ಲಿನ ಹೆಂಗಸರು ಆ ಕಾಲಿನ ಬದಿಗೆ ಹೊಟ್ಟೆ ಎನ್ನುತ್ತಿದ್ದರು, ಇನ್ನೊಂದಕ್ಕೆ ಬೆನ್ನು. ಬೆಸುಗೆ ಸರಿಯಾಗಿ ಕೂರದ ಕಾಲಿಗೆ ಇನ್ನೊಂದು ಹನಿ ಇಟ್ಟು ಮುಂದಕ್ಕೆ ತಳ್ಳುವುದು ಲತಾಮಣಿ ಅಕ್ಕನ ಕೆಲಸ. ವರ್ಷಗಟ್ಟಲೆ ಅವಳು ಹೊಟ್ಟೆಯನ್ನೇ ನೋಡಿದಳು.

ಒಂದು ದಿನ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದಾಗ ಒಂದು ಗೆರೆಯ ಮೇಲೆ ಬೆರಳಿಟ್ಟು ಕೇಳಿದಳಂತೆ: "ಸರ್, ಇದು ಎಲ್ಲಿಗೆ ಹೋಗುತ್ತೆ?"

"ನಿಂಗ್ಯಾಕಮ್ಮ ಅದು? ಅದು ಹೋಗೋ ಕಡೆ ಹೋಗುತ್ತೆ, ನೀನು ಬೆಸುಗೆ ಹಾಕು."

ಪಕ್ಕದ ಹುಡುಗಿಯರು ನಕ್ಕರು. ಇವಳೂ ನಕ್ಕಳು. ಆದರೆ ಅವತ್ತಿನಿಂದ ಪ್ರತಿ ಬೋರ್ಡಿನಲ್ಲೂ ಒಂದೊಂದು ಗೆರೆಯನ್ನು ಕಣ್ಣಿನಲ್ಲೇ ಹಿಂಬಾಲಿಸುವ ಅಭ್ಯಾಸ ಹತ್ತಿತು. ಅರ್ಧಕ್ಕೆ ಬರುವಷ್ಟರಲ್ಲಿ ಬೋರ್ಡು ಮುಂದಕ್ಕೆ ಹೋಗಿಬಿಡುತ್ತಿತ್ತು.

ಆಮೇಲೆ ಆ ಕಾರ್ಖಾನೆ ಹೊಸೂರಿನ ಕಡೆಗೆ ಹೋಯಿತು. ಜೊತೆಗಿದ್ದವರೆಲ್ಲ ಗಾರ್ಮೆಂಟ್ಸ್ ಸೇರಿದರು. ಬೆಳಿಗ್ಗೆ ನಮ್ಮ ರಸ್ತೆಯ ತುದಿಗೇ ಗಾರ್ಮೆಂಟ್ಸಿನ ಬಸ್ಸು ಬರುತ್ತದೆ. ಹತ್ತಿದರೆ ಕೆಲಸ, ಅಷ್ಟೇ. ಅಶ್ವಥ್ ಅಣ್ಣನೂ ಹೇಳಿ ನೋಡಿದ. ಆತ ಕನಕಪುರ, ಚನ್ನಪಟ್ಟಣದ ಹಳ್ಳಿಗಳಿಂದ ರೇಷ್ಮೆ ಗೂಡನ್ನು ಮಾರ್ಕೆಟ್ಟಿಗೆ ಹೊಡೆಯುವವನು, ಹೆಂಡತಿಯ ಮೇಲೆ ಜೋರು ಮಾಡುವ ಪೈಕಿ ಅಲ್ಲ.

"ಹೊಲಿಗೆ ಬತ್ತದಲ್ಲ ಅಮ್ಮಿ, ಓಗೋದಲ್ವಾ?"

"ಯುಗಾದಿ ಗಂಟ ಬುಡಿ. ಆಮೇಲೆ ನೀವು ಹೇಳ್ದಂಗೆ ಆಯ್ತದೆ," ಎಂದಳು ಇವಳು.

ಹಾಗೆ ಅಂದವಳು ಸಂಜೆ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಳು. ನಾನು ಆಗ ಎಲೆಕ್ಟ್ರಾನಿಕ್ಸ್ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಅವಳಿಗೆ ಬೇಕಾಗಿದ್ದದ್ದು ನನ್ನ ಹಳೆಯ ಲ್ಯಾಪ್‌ಟಾಪ್. ಬೋರ್ಡನ್ನು ಬರೆಯುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇದೆಯಂತೆ, ಪುಕ್ಕಟೆಯೇ ಸಿಗುತ್ತದಂತೆ, ಫೋನಿನ ವಿಡಿಯೋಗಳಲ್ಲಿ ಯಾರೋ ಕಲಿಸುತ್ತಿದ್ದಾರಂತೆ.

"ನಾನು ಕಾಲೇಜಿಗೆ ಹೋದಾಗ ನೀನು ಇಟ್ಕೊ ಅಕ್ಕ," ಎಂದೆ.

ಮೊದಮೊದಲು ಇಂಗ್ಲಿಷಿನ ಮೆನುಗಳು ಅವಳನ್ನು ಕಾಡಿದವು. ಆಮೇಲೆ ಅವಳು ಓದುವುದನ್ನು ಬಿಟ್ಟು ಜಾಗವನ್ನು ನೆನಪಿಟ್ಟುಕೊಳ್ಳತೊಡಗಿದಳು. ಮೂಲೆಯ ಈ ಚಿತ್ರ ಒತ್ತಿದರೆ ಗೆರೆ, ಆ ಚಿತ್ರ ಒತ್ತಿದರೆ ತೂತು. ಮೊದಲು ನಕ್ಷೆ ಬರೆಯಬೇಕು: ಯಾವ ಭಾಗದ ಯಾವ ಕಾಲಿಗೆ ಇನ್ಯಾವುದರ ಕಾಲು ಸಂಬಂಧ ಎಂದು. ಅದು ಮುಗಿದ ಮೇಲೆ ಆ ಭಾಗಗಳನ್ನೆಲ್ಲ ಒಂದು ಕಪ್ಪು ಅಂಗಳಕ್ಕೆ ಸುರಿದರೆ, ಸಂಬಂಧವಿರುವ ಕಾಲುಗಳ ನಡುವೆ ಕೂದಲೆಳೆಯಂಥ ಗೆರೆಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಎಲ್ಲವೂ ಒಂದರ ಮೇಲೊಂದು ಹಾಯ್ದು, ಬೆಕ್ಕು ಆಡಿದ ನೂಲಿನ ಉಂಡೆಯ ಹಾಗೆ. ಅದನ್ನು ಬಿಡಿಸಿ, ಒಂದಕ್ಕೊಂದು ತಾಗದಂತೆ ತಾಮ್ರದ ದಾರಿ ಹಾಕಿಕೊಡಬೇಕು. ಕೆಲಸವೆಂದರೆ ಇದೇ.

"ರಂಗೋಲಿ ಬುಡ್ತಾ ಇದೀಯಾ?" ಎಂದು ಕೇಳಿದ ಅಶ್ವಥ್ ಅಣ್ಣ, ಊಟದ ತಟ್ಟೆ ಹಿಡಿದುಕೊಂಡೇ ಪರದೆಯ ಕಡೆ ಬಗ್ಗಿ.

"ರಂಗೋಲೀಲಿ ಗೆರೆ ಗೆರೆ ಮ್ಯಾಲೆ ಹಾಯ್ಬೋದು. ಇಲ್ಲಿ ಹಾಯಂಗಿಲ್ಲ. ಹಾಯ್ದ್ರೆ ಸುಟ್ಟೋಯ್ತದೆ."

"ಮತ್ತೆ ಅಡ್ಡ ಬಂದ್ರೆ?"

"ತೂತು ಕೊರ್ದು ಆ ಕಡೆ ಇಳೀಬೇಕು. ನಮ್ ರೈಲ್ವೆ ಅಂಡರ್‌ಪಾಸ್ ಇಲ್ವಾ, ಹಂಗೆ."

"ಮಳೆ ಬಂದ್ರೆ ನೀರು ನಿಲ್ತದೆ ಹಂಗಾರೆ," ಎಂದು ಆತ ತಟ್ಟೆ ತೊಳೆಯಲು ಹೋದ.

ಅವಳ ಪ್ರಶ್ನೆಗಳು ನನ್ನ ಸಂಜೆಗಳನ್ನು ತುಂಬಿದವು. ಕೆಲವು ಗೆರೆ ಯಾಕೆ ದಪ್ಪ? ಮೂಲೆಯಲ್ಲಿ ಗೆರೆ ನೇರವಾಗಿ ತಿರುಗದೆ ಯಾಕೆ ಓರೆಯಾಗಿ ಬಳಸುತ್ತದೆ? ಖಾಲಿ ಜಾಗವನ್ನೆಲ್ಲ ತಾಮ್ರದಿಂದ ಯಾಕೆ ತುಂಬುತ್ತಾರೆ? ನನ್ನ ಪಠ್ಯಪುಸ್ತಕದಲ್ಲಿ ಇವಕ್ಕೆ ಉತ್ತರ ಇದ್ದದ್ದು ಅರ್ಧ. ಉಳಿದ ಅರ್ಧವನ್ನು ಇಬ್ಬರೂ ಹುಡುಕುತ್ತಿದ್ದೆವು. ಹುಡುಕಿ ಸಿಕ್ಕಾಗ ಅವಳು ಡಬ್ಬಿಯಿಂದ ಒಂದು ಬೋರ್ಡು ತೆಗೆದು, ಅಲ್ಲಿಯೂ ಹಾಗೇ ಇದೆಯಾ ಎಂದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ನಾವಿಬ್ಬರೂ ಮಾಗಡಿ ರಸ್ತೆಯಲ್ಲಿ ಒಂದು ಮಹಡಿ ಹತ್ತಿದೆವು. ರೇಣುಕಾಪ್ರಸಾದ್ ಎಂಬವರ ಸಣ್ಣ ಆಫೀಸು ಅದು. ಬೆಂಗಳೂರಿನ ಕಂಪನಿಗಳಿಗೆ ಬೋರ್ಡು ಬರೆದುಕೊಡುತ್ತಾರೆ ಎಂದು ನಮ್ಮ ಕಾಲೇಜಿನಲ್ಲಿ ಕೇಳಿದ್ದೆ. ಒಳಗೆ ನಾಲ್ಕೈದು ಮೇಜು, ಮೇಜಿಗೊಂದು ದೊಡ್ಡ ಪರದೆ, ಯಾರೂ ಮಾತಾಡುತ್ತಿರಲಿಲ್ಲ. ನಡುವಯಸ್ಸಿನ ರೇಣುಕಾಪ್ರಸಾದ್ ನಮ್ಮ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಅಕ್ಕ ಬರೆದದ್ದನ್ನೆಲ್ಲ ನೋಡಿದರು.

"ಇವೆಲ್ಲ ವಿಡಿಯೋದಲ್ಲಿ ಇರೋವೇ ಅಲ್ವಾ?"

"ಹೂಂ ಸರ್. ಅದನ್ನೇ ನೋಡ್ಕೊಂಡು ಬರ್ದಿದ್ದು."

"ನೀಟಾಗಿದೆ. ಆದ್ರೆ ನೋಡಿ, ಇದು ಪರದೆ ಮೇಲೆ ಇರೋವರೆಗೂ ಚಿತ್ರ ಅಷ್ಟೇ. ನಾನು ಸರ್ಟಿಫಿಕೇಟ್ ಕೇಳಲ್ಲ. ನೀವೇ ಬರೆದ ಒಂದು ಬೋರ್ಡು ಯಾರದ್ದಾದ್ರೂ ಮಿಷನ್ನಲ್ಲಿ ಓಡ್ತಾ ಇರಬೇಕು. ನಾನು ಬಂದು ನೋಡ್ತೀನಿ. ಯುಗಾದಿ ಆದ್ಮೇಲೆ ಇಲ್ಲೊಂದು ಮೇಜು ಖಾಲಿ ಆಗುತ್ತೆ."

"ಓಡಿದ್ರೆ ಸರ್?"

"ಓಡಿದ್ರೆ ಆ ಮೇಜು ನಿಮ್ಮದು."

"ಸಣ್ಣ ಬೋರ್ಡಾದ್ರೂ ನಡೀತದಾ?"

"ಸಣ್ಣದೇ ಇರಲಿ. ಸಣ್ಣದ್ರಲ್ಲಿ ತಪ್ಪು ಬಚ್ಚಿಟ್ಕೊಳ್ಳೋಕೆ ಜಾಗ ಇರಲ್ಲ."

ಹೊರಡುವಾಗ ಅವಳು ಗೋಡೆಗೆ ತೂಗುಹಾಕಿದ್ದ ಒಂದು ಬೋರ್ಡಿನ ಮುಂದೆ ನಿಂತುಬಿಟ್ಟಳು. "ಸರ್, ಈ ಗೆರೆ ಯಾಕೆ ಹಾವಿನಂಗೆ ಡೊಂಕು? ನೆಟ್ಟಗೆ ಹೋಗೋಕೆ ಜಾಗ ಐತಲ್ಲ."

ಅವರು ಕುರ್ಚಿಯಿಂದ ಎದ್ದು ಬಂದರು. "ಪಕ್ಕದ ಗೆರೆ ನೋಡಿ, ಅದರ ದಾರಿ ದೂರ. ಎರಡರಲ್ಲೂ ಹೊರಟ ಸುದ್ದಿ ಒಟ್ಟಿಗೆ ಮುಟ್ಟಬೇಕು. ಅದಕ್ಕೆ ಹತ್ತಿರದ್ದನ್ನ ಸುತ್ತಿಸಿ ಕಳಿಸ್ತೀವಿ."

ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಅವಳು ಹೇಳಿದಳು: "ಬೇಗ ಹೋಗೋದನ್ನ ಬೇಕು ಅಂತ್ಲೇ ತಡ ಮಾಡ್ತಾರೆ ಕಣೆ. ಅಲ್ಲಿ ಕೂತ್ರೆ ಇನ್ನೂ ಏನೇನು ಕೇಳ್ಬೋದು."

ಅವಳಿಗೆ ಆ ಮೇಜು ಬೇಕಾಗಿತ್ತು. ಅಷ್ಟು ಬಿಚ್ಚಿ ಬೇಕೆಂದದ್ದನ್ನು ನಾನು ಅವಳ ಬಾಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.

ಮಿಷನ್ನು ಹುಡುಕಿಕೊಟ್ಟವನು ಅಶ್ವಥ್ ಅಣ್ಣ. ಚನ್ನಪಟ್ಟಣದಲ್ಲಿ ಅನೀಸ್ ಎಂಬವರದ್ದು ರೇಷ್ಮೆ ಬಿಚ್ಚುವ ಸಣ್ಣ ಶೆಡ್ಡು. ಬೇಯಿಸಿದ ಗೂಡುಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿರುತ್ತವೆ. ಹೆಂಗಸರು ಎಳೆ ಹುಡುಕಿ ತಿರುಗುವ ರಾಟೆಗೆ ಹತ್ತಿಸುತ್ತಾರೆ. ತೊಟ್ಟಿಯ ನೀರು ತಣ್ಣಗಾದರೆ ಎಳೆ ತುಂಡಾಗುತ್ತದೆ, ಕಾದರೆ ಗೂಡು ಕರಗಿ ಗಂಟುಗಂಟಾಗಿ ಬರುತ್ತದೆ. ಅನೀಸ್ ಭಾಯ್ ಹಳೇದಾಗಿ ಕೊಂಡ ಒಂದು ಮಿಷನ್ನಿನಲ್ಲಿ ಇದನ್ನು ನೋಡಿಕೊಳ್ಳುವ ಒಂದು ಬೋರ್ಡಿತ್ತು, ಅವರ ಬಾಯಲ್ಲಿ ಕಾರ್ಡು. ನೀರಿನಲ್ಲಿ ಮುಳುಗಿದ ಕಡ್ಡಿಯೊಂದು ಬಿಸಿಯನ್ನು ತಿಳಿದು ಕಾರ್ಡಿಗೆ ಹೇಳುವುದು, ಕಾರ್ಡು ಹಬೆಯ ವಾಲ್ವನ್ನು ತೆರೆದು ಮುಚ್ಚುವುದು. ಸಿಡಿಲಿಗೆ ಆ ಕಾರ್ಡು ಸುಟ್ಟುಹೋಗಿತ್ತು. ಮಾಡಿದ ಕಂಪನಿ ಈಗಿಲ್ಲ. ಅಲ್ಲಿ ಕೂರುವ ಮುನ್ನೀ ಎಂಬಾಕೆ ಒಂದು ಕೈಯಲ್ಲಿ ಎಳೆ, ಇನ್ನೊಂದು ಕೈಯಲ್ಲಿ ವಾಲ್ವು ಹಿಡಿದು ದಿನ ತಳ್ಳುತ್ತಿದ್ದಳು. ಐವತ್ತರ ಹತ್ತಿರದವಳು, ಬೆರಳ ತುದಿಗಳು ನೀರಿನಲ್ಲಿ ಬಿಳಿಚಿ ಸುಕ್ಕಾಗಿದ್ದವು, ಬಾಯಿ ಮಾತ್ರ ಚುರುಕು.

"ನೀನು ಮಾಡ್ತೀಯಾ ಕಾರ್ಡು?" ಎಂದು ಅವಳು ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಂಗ್ಳೂರಿಂದ ಟೈ ಕಟ್ಕೊಂಡು ಒಬ್ಬ ಬಂದಿದ್ದ. ಫೋಟೋ ಹೊಡ್ಕೊಂಡು ಹೋದ. ನೀನು ಟೈನೂ ಕಟ್ಟಿಲ್ಲ."

"ಫೋಟೋ ನಾನೂ ಹೊಡ್ಕೋತೀನಿ ಆಪಾ. ಆದ್ರೆ ವಾಪಸ್ ಬತ್ತೀನಿ."

"ಎಲ್ಲಾರೂ ಹಂಗೇ ಅಂತಾರೆ."

ಅನೀಸ್ ಭಾಯ್ ಗಡ್ಡ ಕೆರೆದುಕೊಂಡು ಒಪ್ಪಿದರು. "ಮಾಡಮ್ಮ. ಸುಟ್ಟಿದ್ದು ಹೆಂಗೂ ಸುಟ್ಟೈತೆ, ಇನ್ನೇನು ಸುಡ್ತದೆ."

ಸುಟ್ಟ ಕಾರ್ಡನ್ನು ಮನೆಗೆ ತಂದು ಅದರ ಸಂಬಂಧಗಳನ್ನೆಲ್ಲ ನಕ್ಷೆಗೆ ಇಳಿಸಿದಳು. ಬೇಕಾದ ಭಾಗಗಳು ಬಹುಪಾಲು ಸಾಫ್ಟ್‌ವೇರಿನ ಭಂಡಾರದಲ್ಲಿ ಸಿದ್ಧವಾಗಿದ್ದವು. ಇಲ್ಲದ್ದು ಒಂದೇ, ರಿಲೇ. ವಾಲ್ವಿಗೆ ಕರೆಂಟು ಕೊಡುವುದು, ನಿಲ್ಲಿಸುವುದು ಅದರ ಕೆಲಸ. ಬೆಲ್ಲದ ಸಣ್ಣ ಅಚ್ಚಿನಷ್ಟು ನೀಲಿ ಡಬ್ಬಿ, ಒಳಗೊಂದು ಪುಟ್ಟ ಕದ. ಅಡಿಯಲ್ಲಿ ಐದು ಕಾಲು. ಒಂದು ತುದಿಯಲ್ಲಿ ಮೂರಿವೆ. ಅವುಗಳ ನಡುವಿನದು ಕದದ ಕಾಲು, ಅಕ್ಕಪಕ್ಕದವು ಕದವನ್ನು ಎಳೆಯುವ ಸುರುಳಿಯವು. ಇನ್ನೊಂದು ತುದಿಯ ಎರಡು ಮೂಲೆಗಳಲ್ಲಿ ಒಂದೊಂದು. ಸುಮ್ಮನಿದ್ದಾಗ ಕದ ಒಂದು ಮೂಲೆಗೆ ಒರಗಿರುತ್ತದೆ, ಕಾರ್ಡು ಹೇಳಿದರೆ ಟಕ್ ಎಂದು ಇನ್ನೊಂದು ಮೂಲೆಗೆ ವಾಲುತ್ತದೆ. ಅವಳಿಗೆ ಸಿಕ್ಕ ರಿಲೇಯ ಹೆಸರು ಭಂಡಾರದಲ್ಲಿ ಇರಲಿಲ್ಲ. ಇಲ್ಲದಿದ್ದರೆ ಅಳೆದು ನೀವೇ ಬರೆದುಕೊಳ್ಳಿ ಎಂದು ಫೋನಿನ ಮೇಷ್ಟ್ರು ಹೇಳಿದ್ದರು. ಅವಳು ರಿಲೇಯನ್ನು ಮೇಜಿನ ಮೇಲೆ ಇಟ್ಟು, ಸ್ಕೇಲು ಹಿಡಿದು, ಕಾಲುಗಳ ಅಂತರವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದಳು. ಅದನ್ನು ಹೇಗೆ ಇಟ್ಟಿದ್ದಳು ಎಂಬುದನ್ನು ನಾನು ಗಮನಿಸಲಿಲ್ಲ. ಅವಳೂ ಗಮನಿಸಲಿಲ್ಲ.

ಎಲ್ಲ ಮುಗಿದ ಮೇಲೆ ಸಾಫ್ಟ್‌ವೇರಿಗೆ ತಪ್ಪು ಹುಡುಕು ಎಂದು ಹೇಳಬಹುದು. ಅದು ಹುಡುಕಿ, ತಪ್ಪು ಸೊನ್ನೆ ಎಂದಿತು. ಕಡತವನ್ನು ಬೋರ್ಡು ಅಚ್ಚುಮಾಡುವ ಕಂಪನಿಗೆ ಕಳಿಸಿದೆವು. ಕೊರಿಯರಿನಲ್ಲಿ ಪುಟ್ಟ ಕಟ್ಟು ಬಂದ ದಿನ ಅವಳು ಅದನ್ನು ಬಿಚ್ಚದೆ ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಿಚ್ಚಿದಾಗ ಹಸಿರು, ನಯ, ಮೂಲೆಯಲ್ಲಿ ಬಿಳಿಯ ಅಕ್ಷರದಲ್ಲಿ ವಾಲ್ವಿನ ವೈರು ಹಾಕುವ ತಿರುಪುಗಳ ಹೆಸರು: 'ತೆರೆ', 'ಮುಚ್ಚು'. ಪರದೆಯ ಮೇಲೆ ಅವಳು ಎಳೆದ ಗೆರೆ ಈಗ ಉಗುರಿಗೆ ತಾಗುತ್ತಿತ್ತು.

ಭಾಗಗಳನ್ನು ಕೂರಿಸಿ ಬೆಸುಗೆ ಹಾಕಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಪಾತ್ರೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ಇಟ್ಟು ಕಡ್ಡಿಯನ್ನು ಅದ್ದಿ ನೋಡಿದೆವು. ತಣ್ಣೀರಿಗೆ ಟಕ್ ಎಂದಿತು, ಬಿಸಿನೀರಿಗೆ ಮತ್ತೆ ಟಕ್ ಎಂದು ಬಿಟ್ಟಿತು. ಅಶ್ವಥ್ ಅಣ್ಣ ತಾನೂ ಒಂದು ಸಲ ಅದ್ದಿ ನೋಡಿದ. ನಮ್ಮಮ್ಮ ಮೆಟ್ಟಿಲ ಮೇಲಿಂದಲೇ, "ಏನದು ಹಲ್ಲಿ ಲೊಚಗುಟ್ಟಿದ ಹಾಗೆ?" ಎಂದರು.

ಚನ್ನಪಟ್ಟಣದಲ್ಲಿ ಕಾರ್ಡನ್ನು ಮಿಷನ್ನಿಗೆ ಕಟ್ಟಿದಾಗ ಬೆಳಗಿನ ಗೂಡು ಆಗಷ್ಟೇ ತೊಟ್ಟಿಗೆ ಬಿದ್ದಿತ್ತು. ಬಿಳಿಯ ಅಕ್ಷರ ನೋಡಿಕೊಂಡು ವಾಲ್ವಿನ ವೈರನ್ನು ತಿರುಪಿಗೆ ಹಾಕಿದಳು. ಮುನ್ನೀ ವಾಲ್ವಿನಿಂದ ಕೈ ತೆಗೆದು ಎಷ್ಟೋ ತಿಂಗಳ ಮೇಲೆ ಎರಡೂ ಕೈಯಲ್ಲಿ ಎಳೆ ಹಿಡಿದಳು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಕಂಡಿತು. ಆಮೇಲೆ, ಮುನ್ನೀ ಕೈ ತೆಗೆಯುವ ಮೊದಲು ಬಿಟ್ಟಿದ್ದ ಹಬೆಗೇ ನೀರಿನ ಬಿಸಿ ಏರಿತು. ಕಾರ್ಡು ಟಕ್ ಎಂದಿತು. ವಾಲ್ವು ಮುಚ್ಚಿರಬೇಕಾಗಿತ್ತು, ಹಬೆ ಬುಸ್ಸೆಂದು ನುಗ್ಗಿತು.

"ಯಾ ಅಲ್ಲಾ," ಎಂದು ಮುನ್ನೀ ಕೈ ಕಿತ್ತುಕೊಂಡಳು. ಎದ್ದವಳೇ ಸೆರಗಿನಲ್ಲಿ ವಾಲ್ವಿನ ಹಿಡಿ ಹಿಡಿದು ತಿರುಗಿಸಿದಳು. ತೊಟ್ಟಿಯಲ್ಲಿ ಗೂಡುಗಳು ಬೆಂದ ಅನ್ನದ ಗಂಜಿಯಂತಾಗಿದ್ದವು. ಹುಳುವಿನ ವಾಸನೆ ಶೆಡ್ಡಿನ ತುಂಬ ಎದ್ದಿತು. ಅವಳ ಬೆರಳುಗಳು ಕೆಂಪಾಗಿದ್ದವು. ಲತಾಮಣಿ ಅಕ್ಕ ಮಡಕೆಯಿಂದ ತಣ್ಣೀರು ತಂದು ಆ ಕೈಯನ್ನು ಅದರಲ್ಲಿ ಅದ್ದಿ ಹಿಡಿದುಕೊಂಡಳು.

"ಬೇಗ ಬೇಯ್ಸೋ ಕಾರ್ಡು ಬೇಕಾದ್ರೆ ನಾನೇ ಕೇಳ್ತಿದ್ದೆ," ಎಂದಳು ಮುನ್ನೀ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಅನೀಸ್ ಭಾಯ್ ಬೈಯಲಿಲ್ಲ. ತೊಟ್ಟಿ ಖಾಲಿ ಮಾಡಿಸುತ್ತಾ, "ತಗೊಂಡು ಹೋಗಮ್ಮ ಇದನ್ನ," ಎಂದರು. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಆ ವಾರ ಅವಳು ಗೆರೆ ಗೆರೆಯನ್ನೂ ಮತ್ತೆ ನೋಡಿದಳು. ನಕ್ಷೆ ಸರಿ. ದಾರಿ ಸರಿ. ಬಿಸಿಯನ್ನು ಕಾರ್ಡು ಸರಿಯಾಗಿಯೇ ತಿಳಿಯುತ್ತಿತ್ತು, ಮಾಡುವುದನ್ನು ಮಾತ್ರ ತಿರುವುಮುರುವಾಗಿ ಮಾಡುತ್ತಿತ್ತು. ತಣ್ಣಗಿದ್ದರೆ ವಾಲ್ವು ಮುಚ್ಚುವುದು, ಕಾದರೆ ತೆರೆಯುವುದು. ಬೇಸರಕ್ಕಿಂತ ಹೆಚ್ಚಾಗಿ ಅವಳ ಮುಖದಲ್ಲಿ ಒಂದು ಹುಡುಕಾಟವಿತ್ತು, ಕಳೆದ ಓಲೆಯ ತಿರುಪನ್ನು ನೆಲದಲ್ಲಿ ಹುಡುಕುವವರ ಹಾಗೆ. "ಸೊನ್ನೆ ತಪ್ಪು ಅಂತು ಕಂಪ್ಯೂಟರು. ಹಂಗಾರೆ ತಪ್ಪು ಅದರ ಕಣ್ಣಿಗೆ ಕಾಣದೆ ಇರೋ ಜಾಗದಲ್ಲಿ ಐತೆ. ಅದಕ್ಕೆ ಏನು ಕಾಣಲ್ಲ?" ಎಂದು ತನಗೆ ತಾನೇ ಕೇಳಿಕೊಂಡಳು.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಎದುರುಬದುರು ಕುಳಿತೆವು. ಅವಳ ಕೈಯಲ್ಲಿ ಒಂದು ಬಿಡಿ ರಿಲೇ, ನನ್ನ ಕೈಯಲ್ಲಿ ಭಾಗ ಕೂರಿಸದ ಖಾಲಿ ಬೋರ್ಡು. ನಾನು ಬೋರ್ಡಿನ ಮೇಲಿನ ತೂತುಗಳನ್ನು ಓದುವುದು, ಅವಳು ರಿಲೇಯ ಕಾಲುಗಳನ್ನು ಓದುವುದು.

"ಸುಮ್ನಿದ್ದಾಗ ಕದ ಒರಗೋ ಕಾಲು, ಎಡಮೂಲೆ," ಎಂದೆ.

"ಎಡಮೂಲೆ. ಸರಿ ಐತೆ."

"ಹಾಗಾದ್ರೆ ಕೂರಿಸು ನೋಡೋಣ."

ಅವಳು ರಿಲೇಯನ್ನು ಬೋರ್ಡಿನ ಮೇಲೆ ಕೂರಿಸಲು ಕೈ ತಂದಳು. ಕೂರಿಸಬೇಕಾದರೆ ಅದನ್ನು ಮಗುಚಬೇಕಾಯಿತು. ಕೈ ಅಲ್ಲೇ ನಿಂತಿತು.

ಅಷ್ಟು ಹೊತ್ತೂ ಅವಳು ಅದನ್ನು ಕಾಲು ಮೇಲೆ ಮಾಡಿ ಹಿಡಿದಿದ್ದಳು. ಮಗುಚಿದಾಗ ಅವಳ ಎಡಮೂಲೆಯ ಕಾಲು ಬಲಮೂಲೆಗೆ ಹೋಯಿತು. ಮತ್ತೆ ಮಗುಚಿದಳು, ಎಡಕ್ಕೆ ಬಂತು. ಐದು ಕಾಲಿನ ಆ ಜೋಡಣೆ ಎಡಬಲ ಎರಡೂ ಒಂದೇ ಥರ ಇದ್ದದ್ದರಿಂದ ತೂತುಗಳಲ್ಲಿ ಎಲ್ಲೂ ಅಡ್ಡಿಯಾಗದೆ ಇಳಿದುಬಿಟ್ಟಿತ್ತು. ಬದಲಾದದ್ದು ಮೂಲೆಯ ಎರಡು ಕಾಲುಗಳ ಅರ್ಥ ಮಾತ್ರ. ಸಾಫ್ಟ್‌ವೇರು ಬೋರ್ಡನ್ನು ಬೆನ್ನಿನ ಕಡೆಯಿಂದ ನೋಡುತ್ತದೆ. ಅವಳು ಅಳೆದದ್ದು, ಬರೆದದ್ದು ಹೊಟ್ಟೆಯ ಕಡೆಯಿಂದ. ಅವಳು ಹೇಳಿದ್ದನ್ನು ಅದು ನಂಬಿತ್ತು.

"ನಾವು ಅಲ್ಲಿ ಹಿಂಗೇ ನೋಡ್ತಿದ್ದಿದ್ದು," ಎಂದಳು ಕೊನೆಗೆ, ಮೆಲ್ಲಗೆ. "ಲೈನಲ್ಲಿದ್ದ ಯಾರನ್ನ ಕೂರ್ಸಿದ್ರೂ ಹಿಂಗೇ ಬರೀತಿದ್ರು." ಮನೆಯಲ್ಲಿ ನೀರಿಗೆ ಅದ್ದಿ ನೋಡಿದಾಗ ನಾವು ಟಕ್ ಎನ್ನುವುದನ್ನು ಕೇಳಿಸಿಕೊಂಡೆವೇ ಹೊರತು ಕದ ಯಾವ ಮೂಲೆಗೆ ಹೋಯಿತು ಎಂದು ನೋಡಿರಲಿಲ್ಲ.

ಗೊತ್ತಾದ ಮೇಲೆ ಸರಿಪಡಿಸುವುದು ಸುಲಭವಿತ್ತು. ಎರಡು ಮೂಲೆಗೂ ಒಂದೊಂದು ತಿರುಪು ಇತ್ತು. ವಾಲ್ವಿನ ವೈರನ್ನು ಒಂದರಿಂದ ತೆಗೆದು ಪಕ್ಕದ್ದಕ್ಕೆ ಹಾಕಿದರೆ ಆಯಿತು. 'ಮುಚ್ಚು' ಎಂದು ಅಚ್ಚಾಗಿದ್ದ ಕಡೆ ತೆರೆಯುವ ವೈರು. ಅನೀಸ್ ಭಾಯ್ ಹಿಂದೆಮುಂದೆ ನೋಡಿ ಕಾರ್ಡನ್ನು ಮತ್ತೆ ಕಟ್ಟಲು ಬಿಟ್ಟರು. ಈ ಸಲ ತೊಟ್ಟಿಯಲ್ಲಿ ಬರೀ ನೀರು ಇಟ್ಟು ನೋಡಿದರು, ಆಮೇಲೆ ಗೂಡು ಹಾಕಿದರು. ಸಂಜೆಯವರೆಗೂ ಎಳೆ ತುಂಡಾಗದೆ ಬಂತು.

"ಓಡ್ತಾ ಐತಲ್ಲ," ಎಂದ ಅಶ್ವಥ್ ಅಣ್ಣ, ವಾಪಸ್ ಬರುವಾಗ. "ನಾಳೆನೇ ಆ ಯಪ್ಪನ್ನ ಕರ್ಕೊಂಬಂದು ತೋರ್ಸು. ಯುಗಾದಿ ಬಂದೇ ಬುಡ್ತು."

"ನಾ ಬರ್ದಿದ್ದು ಓಡ್ತಿಲ್ಲ. ವೈರು ಓಡ್ತಾ ಐತೆ."

"ಅವ್ರಿಗೆಂಗೆ ಗೊತ್ತಾಯ್ತದೆ?"

"ಗೊತ್ತಾಗ್ದಿರಬೋದು. ಅದಾದ್ಮೇಲೆ ಆ ಮೇಜಲ್ಲಿ ಕೂತು ಏನ್ ಬರೀಲಿ?"

ಮಾರನೆಯ ದಿನ ಅವಳು ರೇಣುಕಾಪ್ರಸಾದರಿಗೆ ಫೋನು ಮಾಡಿ, ಕಾಲು ತಿರುವುಮುರುವಾಗಿದೆ, ಇನ್ನೊಂದು ಸಲ ಅಚ್ಚಾಗಿ ಬರಬೇಕು, ಸ್ವಲ್ಪ ತಡವಾಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರ ದನಿ ನನಗೂ ಕೇಳುತ್ತಿತ್ತು. "ಆಗುತ್ತೆ, ಎಲ್ಲರಿಗೂ ಒಂದು ಸಲ ಆಗೋದೇ. ಆದ್ರೆ ಮೈಸೂರಿಂದ ಇನ್ನೊಬ್ರು ಕೇಳಿದಾರೆ. ಹಬ್ಬ ಆದ್ಮೇಲೆ ಒಂದು ವಾರ ನೋಡ್ತೀನಿ, ಅದಕ್ಕಿಂತ ಕಾಯೋಕಾಗಲ್ಲ."

ಯುಗಾದಿಯ ದಿನ ಬೇವುಬೆಲ್ಲ ಕೊಡಲು ಬಂದಾಗ ಅವಳ ಕಣ್ಣು ಗೇಟಿನ ಕಡೆಗೇ ಇತ್ತು. ಹಬ್ಬದ ದಿನ ಯಾವ ಕೊರಿಯರಿನವನೂ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ರಸ್ತೆಯ ತುದಿಯಲ್ಲಿ ಗಾರ್ಮೆಂಟ್ಸಿನ ಬಸ್ಸು ಎಂದಿನಂತೆ ಹಾರ್ನ್ ಹೊಡೆದು ಹೋಗಲು ಶುರುವಾದ ಮೇಲೆ, ಆ ವಾರದ ಕೊನೆಯಲ್ಲಿ, ಕಟ್ಟು ಬಂತು. ರೇಣುಕಾಪ್ರಸಾದರು ನಾಳೆ ಮಧ್ಯಾಹ್ನ ಬರುತ್ತೇನೆ ಎಂದರು.

ರಾತ್ರಿಯೇ ಬೆಸುಗೆ ಮುಗಿಸಿ, ಬೆಳಿಗ್ಗೆಯೇ ಶೆಡ್ಡಿಗೆ ಹೋದೆವು. ಮುನ್ನೀ ಮಿಷನ್ನಿಗೆ ಅಡ್ಡ ಕೂತಳು.

"ಓಡೋ ಕಾರ್ಡು ಕಿತ್ತು ಬೇರೆ ಹಾಕ್ತಾರಾ ಯಾರಾದ್ರೂ? ನಿಂಗೆ ನನ್ ಕೈ ಮೇಲೆ ಏನ್ ಕೋಪ?"

"ಆಪಾ, ಅದ್ರ ಮ್ಯಾಲೆ ಬರ್ದಿರೋದು ಸುಳ್ಳು. ನಾಳೆ ಒಂದಿನ ವೈರ್ ಕಳಚ್ಕೊಂಡು, ಬೇರೆ ಯಾರೋ ರಿಪೇರಿಯವ್ನು ಬಂದು ಓದ್ಕೊಂಡು ಹಾಕ್ದ ಅನ್ಕೋ. ನಿನ್ ಕೈ ಅವತ್ತಿನಂಗೇ ಬೇಯ್ತದೆ. ಆಗ ನಾನಿಲ್ಲಿ ಇರ್ತೀನಾ?"

ಮುನ್ನೀ ಜಾಗದಿಂದ ಎದ್ದಳು. "ಹಾಕು. ಆದ್ರೆ ಮೊದ್ಲು ನಾನು ಕೈ ಇಡಲ್ಲ."

"ನಾ ಇಡ್ತೀನಿ."

ಹೊಸ ಕಾರ್ಡನ್ನು ಕಟ್ಟಿ, ಈ ಸಲವೂ ಬಿಳಿಯ ಅಕ್ಷರ ಹೇಳಿದ ತಿರುಪಿಗೇ ವೈರು ಹಾಕಿದಳು. ಮುನ್ನೀಯ ಜಾಗದಲ್ಲಿ ಕೂತು, ಬಳೆ ಮೇಲಕ್ಕೆ ಸರಿಸಿ, ತೊಟ್ಟಿಗೆ ಕೈ ಇಳಿಸಿದಳು. ಹಬೆ ಬರತೊಡಗಿತು. ನೀರಿನ ಬಿಸಿ ಏರುತ್ತಿದ್ದುದು ಅವಳ ಹುಬ್ಬಿನಲ್ಲಿ ಕಾಣುತ್ತಿತ್ತು. ಅನೀಸ್ ಭಾಯ್ ವಾಲ್ವಿನ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಆಗ ಟಕ್ ಎಂದಿತು. ಹಬೆಯ ಸದ್ದು ಉಸಿರು ಬಿಟ್ಟ ಹಾಗೆ ಇಳಿದು ನಿಂತಿತು.

ಅವಳು ಕೈ ತೆಗೆಯಲಿಲ್ಲ. ನೀರು ಆರಿ ಮತ್ತೆ ಟಕ್ ಎನ್ನುವವರೆಗೆ, ಮತ್ತೆ ಕಾಯುವವರೆಗೆ ಹಾಗೇ ಇದ್ದಳು. "ಇಷ್ಟು ಬಿಸೀಲಿ ದಿನಾ ಹೆಂಗ್ ಇರ್ತೀಯ ಆಪಾ?" ಎಂದು ಒಂದು ಸಲ ಕೇಳಿದಳು. ಮುನ್ನೀ ಒಂದು ಹಿಡಿ ಗೂಡು ತಂದು ತೊಟ್ಟಿಗೆ ಬಿಟ್ಟಳು.

ರೇಣುಕಾಪ್ರಸಾದರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಕೈ ಇನ್ನೂ ನೀರಿನಲ್ಲೇ ಇತ್ತು. ಅವರು ಕಾರ್ಡಿನ ಹತ್ತಿರ ಬಗ್ಗಿ ಅಕ್ಷರ ಓದಿದರು, ವೈರನ್ನು ಬೆರಳಿನಿಂದ ಹಿಂಬಾಲಿಸಿದರು, ಮೀಟರು ತೆಗೆದು ಎರಡು ಕಡೆ ಮುಟ್ಟಿಸಿ ನೋಡಿದರು. ಹಳೆಯ ಕಾರ್ಡನ್ನೂ ಕೇಳಿ ಇಸಿದುಕೊಂಡು ಎರಡನ್ನೂ ಪಕ್ಕಪಕ್ಕ ಹಿಡಿದರು.

ಅವರು ಏನಾದರೂ ಹೇಳುವ ಮೊದಲೇ ಅವಳು ಕೇಳಿದಳು. "ಸರ್, ಒಂದು ಗೊತ್ತಾಗ್ತಿಲ್ಲ. ವಾಲ್ವು ಮುಚ್ಚಿದ ಮ್ಯಾಲೂ ನೀರು ಒಸಿ ಬಿಸಿ ಏರ್ತಾನೇ ಐತೆ. ಬೆರಳಿಗೆ ಗೊತ್ತಾಗ್ತದೆ. ಹಬೆ ನಿಂತೈತಲ್ಲ, ಮತ್ತೆ ಯಾಕೆ?"

ಅವರು ಪೈಪಿನ ಕಡೆ ನೋಡಿದರು, ತೊಟ್ಟಿಯ ಕಡೆ ನೋಡಿದರು. "ಪೈಪಲ್ಲಿ ಉಳಿದಿರೋ ಹಬೆ ಇರಬಹುದು. ಕಡ್ಡಿಗೆ ಬಿಸಿ ತಡವಾಗಿ ತಿಳೀತಿರಬಹುದು. ಕಾರ್ಡಲ್ಲೇ ಅದನ್ನ ಮೊದಲೇ ಊಹಿಸೋ ಹಾಗೆ ಮಾಡಬಹುದೇನೋ." ಮೀಟರನ್ನು ಜೇಬಿಗೆ ಹಾಕಿಕೊಂಡು ಹೇಳಿದರು: "ಸೋಮವಾರ ಬನ್ನಿ. ನಿಮ್ಮ ಮೇಜಲ್ಲಿ ಹಾಕ್ಕೊಂಡು ನೋಡೋಣ."

ಅಶ್ವಥ್ ಅಣ್ಣ ಬಾಗಿಲ ಹತ್ತಿರ ಗೂಡಿನ ಮೂಟೆಗೆ ಒರಗಿ ನಿಂತಿದ್ದವನು ನೆಟ್ಟಗಾದ. ಲತಾಮಣಿ ಅಕ್ಕ, "ಆಯ್ತು ಸರ್," ಎಂದಳು, ಆದರೆ ಗಮನವೆಲ್ಲ ಬೆರಳಿನಲ್ಲಿತ್ತು. ನೀರಿನ ಬಿಸಿ ಈಗ ಏರುವುದನ್ನು ನಿಲ್ಲಿಸಿತೇ, ಇನ್ನೂ ಇಲ್ಲವೇ ಎಂದು ನೋಡುತ್ತಿದ್ದಳು.

"ಸೋಮವಾರ ಅಂದ್ರಲ್ಲ, ಏಳು," ಎಂದು ಮುನ್ನೀ ಅವಳ ಭುಜ ತಳ್ಳಿದಳು. "ಗೂಡು ಕಾಯ್ತಾ ಐತೆ. ನನ್ ಜಾಗ ಬಿಡು."